ಐವತ್ತೊಂಬತ್ತನೆಯ ಪೆಟ್ಟಿಗೆ

ಅದು ಶುರುವಾದದ್ದು ಮೇ ತಿಂಗಳ ಮೊದಲ ಸೋಮವಾರ, ಬೆಳಗಿನ ಐದು ಗಂಟೆಗೆ. ಗೋಧಿ ಇನ್ನೂ ಹಸಿರಾಗಿತ್ತು. ದಕ್ಷಿಣದ ಬೆಚ್ಚನೆಯ ಗಾಳಿ ಬೀಸತೊಡಗಿ ಮೂರು ದಿನವಾಗಿತ್ತು. ಕಾನ್ಸಾಸಿನ ಈ ಬಯಲಿನಲ್ಲಿ ಆ ಗಾಳಿ ಎದ್ದಿತೆಂದರೆ ಹಳಬರು ಮಾತಿನ ನಡುವೆ ಒಮ್ಮೆ ನೈಋತ್ಯದ ಕಡೆ ಕಣ್ಣು ಹಾಯಿಸಿಯೇ ಮುಂದಿನ ಮಾತಾಡುವುದು. ಸುಂಟರಗಾಳಿ ಬರುವ ಬಾಗಿಲು ಅದು.

ಆ ಹೊತ್ತಿನಲ್ಲಿ ಮೆಡೋಲಾರ್ಕ್ ಪಾರ್ಕ್ ಎಂಬ ಟ್ರೇಲರ್ ಮನೆಗಳ ಬಡಾವಣೆಯ ಮೂರನೆಯ ಓಣಿಯಲ್ಲಿ ಝೆಲ್ಮಾ ಕುಬಿಚೆಕ್ ಒಬ್ಬರೇ ನಡೆಯುತ್ತಿದ್ದಾರೆ. ವಯಸ್ಸು ಅರವತ್ತಮೂರು. ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಗಾಜು ಬಿರಿದ ಒಂದು ಹಳೆಯ ಫೋನು, ಎದೆ ಜೇಬಿನಲ್ಲಿ ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ ಪುಟ್ಟ ಪುಸ್ತಕ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಫೋನಿನ ಅಂಕಿ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಅರವತ್ತೆರಡು ತಗಡಿನ ಮನೆಗಳು ಎರಡೂ ಬದಿಗೆ ಮಲಗಿವೆ. ಚಕ್ರದ ಮೇಲೆ ಉರುಳಿ ಬಂದು ಇಟ್ಟಿಗೆಯ ಮೇಲೆ ಕೂತ ಮನೆಗಳು. ಒಂದರ ಕೆಮ್ಮು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ.

ಇಪ್ಪತ್ತೇಳನೆಯ ಮನೆಯ ಪರದೆ ಅಲ್ಲಾಡುತ್ತದೆ.

“ಯಾರದು?”

“ನಾನೇ ಕಣಪ್ಪ ಡ್ವೇನ್.”

“ಹೊತ್ತು ಹುಟ್ಟೋಕೆ ಮುಂಚೆ ನನ್ನ ಕಿಟಕಿ ಹತ್ರ ನಿಂಗೇನು ಕೆಲಸ?”

“ನಿನ್ನ ವೈಫೈ ಪೆಟ್ಟಿಗೆ ಮತ್ತೆ ಕೂಗ್ತಾ ಇದೆ. ಆಚೆ ಮನೆ ಗೋಡೆ ದಾಟಿ ಹೋಗ್ತಿದೆ. ಮತ್ತೆ ಪೂರ್ತಿಗೆ ಇಟ್ಟೆಯಾ?”

“ಆ ಫೋನಿಟ್ಕೊಂಡು ನಮ್ಮನೆ ಮಾತು ಕದ್ದು ಕೇಳ್ತಿಲ್ಲ ಅಂತ ಏನು ಗ್ಯಾರಂಟಿ?”

“ನಿಮ್ಮನೆ ಮಾತು ಕೇಳೋಕೆ ಫೋನ್ ಯಾಕಪ್ಪ? ನಿನ್ನ ಹೆಂಡತಿ ಬೈಯೋದು ಗೇಟಿನ ತನಕ ಚೆನ್ನಾಗೇ ಕೇಳುತ್ತೆ.”

ಪರದೆ ಮುಚ್ಚಿಕೊಳ್ಳುತ್ತದೆ. ಝೆಲ್ಮಾ ‘27’ ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾರೆ.

ಅವರ ಹುದ್ದೆಯ ಹೆಸರು ಮೇಲ್ವಿಚಾರಕಿ. ಹುಲ್ಲು ಕತ್ತರಿಸುವುದು, ಕಟ್ಟಿಕೊಂಡ ಚರಂಡಿ ಬಿಡಿಸುವುದು, ನೀರಿನ ಮೀಟರು ಓದುವುದು, ಚಳಿಗಾಲದಲ್ಲಿ ಕೊಳಾಯಿಗೆ ಬಟ್ಟೆ ಸುತ್ತುವುದು, ಸುಂಟರಗಾಳಿ ಬಂದರೆ ಎಲ್ಲರೂ ಓಡಿಹೋಗಿ ಕೂರುವ ಕಾಂಕ್ರೀಟಿನ ನೆಲಮಾಳಿಗೆಯ ಬೀಗದ ಕೈ ಇಟ್ಟುಕೊಳ್ಳುವುದು. ಪಾರ್ಕಿನ ಒಡೆಯರು ದೂರದ ರಾಜ್ಯದಲ್ಲಿದ್ದಾರೆ. ಯಾರೂ ಅವರ ಮುಖ ಕಂಡಿಲ್ಲ. ವೈಫೈ ಪೆಟ್ಟಿಗೆಗಳ ದನಿ ತಗ್ಗಿಸುವ ಕೆಲಸ ಯಾವ ಕಾಗದದಲ್ಲೂ ಇಲ್ಲ. ಅದನ್ನು ಅವರು ತಾವಾಗಿ ಹೊತ್ತುಕೊಂಡು ಆರು ವರ್ಷವಾಯಿತು.

ಆರು ವರ್ಷದ ಹಿಂದೆ ಟೆಲಿಫೋನ್ ಸಹಕಾರ ಸಂಘದವರು ಪಾರ್ಕಿಗೆ ಕೇಬಲ್ ಎಳೆದರು. ಮನೆಗೊಂದು ಪೆಟ್ಟಿಗೆ ಬಂತು. ಮೊದಲ ತಿಂಗಳು ಹಬ್ಬ. ಆಮೇಲೆ ಒಬ್ಬರ ಸಿನಿಮಾ ನಿಂತು ನಿಂತು ಬರತೊಡಗಿತು. ಅವರು ಪೆಟ್ಟಿಗೆಯ ಶಕ್ತಿಯನ್ನು ಪೂರ್ತಿಗೆ ಏರಿಸಿದರು. ಪಕ್ಕದವರದು ನಿಂತಿತು, ಅವರೂ ಏರಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಎಲ್ಲ ಪೆಟ್ಟಿಗೆಗಳೂ ಗಂಟಲು ಹರಿಯುವಂತೆ ಕೂಗುತ್ತಿದ್ದವು, ಯಾರ ಮನೆಯಲ್ಲೂ ಏನೂ ಓಡುತ್ತಿರಲಿಲ್ಲ. ಪಕ್ಕದವನು ನಮ್ಮದನ್ನು ಕದಿಯುತ್ತಿದ್ದಾನೆ ಎಂದು ಪ್ರತಿ ಮನೆಯೂ ಹೇಳುತ್ತಿತ್ತು.

ಕೇಬಲ್ ಎಳೆಯಲು ಬಂದಿದ್ದವನೊಬ್ಬ ಊಟದ ಬಿಡುವಿನಲ್ಲಿ ಝೆಲ್ಮಾಗೆ ಗುಟ್ಟು ಹೇಳಿದ. ಅದನ್ನು ಅವರು ಇವತ್ತಿಗೂ ತಮ್ಮ ಮಾತಿನಲ್ಲೇ ಹೇಳುತ್ತಾರೆ. “ಪೆಟ್ಟಿಗೆ ಗಂಟಲು ದೊಡ್ಡದು, ಫೋನಿನ ಗಂಟಲು ಸಣ್ಣದು. ಪೆಟ್ಟಿಗೆ ಎಷ್ಟು ಕಿರುಚಿದ್ರೂ ಫೋನು ಹೇಳಿದ್ದು ಅದಕ್ಕೆ ವಾಪಸ್ ಕೇಳಬೇಕಲ್ಲ? ಕಿರುಚಿದ್ರೆ ಆಚೆ ಮನೆಯವರಿಗೆ ತೊಂದ್ರೆ ಅಷ್ಟೆ, ನಮಗೇನೂ ಲಾಭ ಇಲ್ಲ. ಹದಿನಾಲ್ಕು ಅಡಿ ಅಗಲದ ತಗಡಿನ ಮನೆಗೆ ಅರ್ಧ ಸಾಕು. ಎಷ್ಟೋ ಮನೆಗೆ ಕಾಲು ಸಾಕು.”

ಮೊದಲು ತಮ್ಮ ಮನೆಯದನ್ನೇ ಅರ್ಧಕ್ಕಿಳಿಸಿದರು. ಆಮೇಲೆ ಒಂದೊಂದೇ ಬಾಗಿಲು ತಟ್ಟಿದರು. ಅವರು ಓದಿದ್ದು ಹತ್ತನೆಯ ತರಗತಿಯ ತನಕ. ಗಂಡ ಲೆಸ್ಟರ್ ಧಾನ್ಯದ ಲಾರಿ ಓಡಿಸುತ್ತಿದ್ದವರು, ತೀರಿಹೋಗಿ ಒಂಬತ್ತು ವರ್ಷ. ಓದು ಕಡಿಮೆಯಾದರೂ ಝೆಲ್ಮಾರ ಲೆಕ್ಕ ಗಟ್ಟಿ. ಫೋನಿನ ಅಂಕಿ ದೊಡ್ಡದಾದಷ್ಟೂ ಪೆಟ್ಟಿಗೆಯ ದನಿ ಸಣ್ಣದು. ಮಂಚದ ಹತ್ತಿರ ಅಂಕಿ ಋಣ ಅರವತ್ತರ ಸುತ್ತ ಇರಬೇಕು, ಅಡುಗೆಮನೆ ಬಾಗಿಲಲ್ಲಿ ಅರವತ್ತೇಳಾದರೂ ಚಿಂತೆಯಿಲ್ಲ, ಪಕ್ಕದ ಮನೆಯ ಗೋಡೆಯಲ್ಲಿ ಎಂಬತ್ತು ದಾಟಿದರೆ ಒಳ್ಳೆಯ ನೆರೆಹೊರೆ. ಬೆಳಗಿನ ಐದಕ್ಕೇ ಏಕೆಂದರೆ ಆಗ ಜನ ಮಲಗಿರುತ್ತಾರೆ, ಪೆಟ್ಟಿಗೆಗಳಷ್ಟೇ ಮಾತಾಡುತ್ತಿರುತ್ತವೆ; ಯಾವುದು ಕೂಗುತ್ತಿದೆ ಎನ್ನುವುದು ಸುಲಭವಾಗಿ ಸಿಗುತ್ತದೆ. ದಿನಕ್ಕೆ ಆರೇಳು ಮನೆ. ಒಟ್ಟು ಪೆಟ್ಟಿಗೆ ಐವತ್ತೆಂಟು. ಎರಡು ಮನೆ ಖಾಲಿ, ಇನ್ನೆರಡು ಮನೆಯವರಿಗೆ ವೈಫೈ ಎಂದರೆ ಆಗದು.

ಆಗದಿದ್ದರೂ ಇಟ್ಟುಕೊಂಡವರಲ್ಲಿ ಹನ್ನೆರಡನೆಯ ಮನೆಯ ಒಲೀಟಾ ಪ್ರೂಯಿಟ್ ಒಬ್ಬರು. ವಯಸ್ಸು ಎಪ್ಪತ್ತೆಂಟು, ಮಂಡಿ ನೋವು, ಬಾಯಿಗೆ ಮಾತ್ರ ನೋವಿಲ್ಲ. ಪೆಟ್ಟಿಗೆಯಿಂದ ತಲೆಯೊಳಗೆ ಗಡ್ಡೆ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅದರ ಸುತ್ತ ಅಡುಗೆಯ ಬೆಳ್ಳಿಕಾಗದ ಸುತ್ತಿಟ್ಟರು. ಸುತ್ತಿದ ಮೇಲೆ ಸಿಗ್ನಲ್ ಬರಲಿಲ್ಲ. ಬರಲಿಲ್ಲವೆಂದು ಶಕ್ತಿಯನ್ನು ಪೂರ್ತಿಗೆ ಏರಿಸಿದರು. ಝೆಲ್ಮಾ ಕಾಗದ ಬಿಚ್ಚುವಾಗ ಒಲೀಟಾ ಅವರ ಕೈ ಹಿಡಿದುಕೊಂಡರು.

“ಬಿಚ್ಚಬೇಡ ಕಣೇ, ನಾನು ಸತ್ತರೆ ನೀನು ಹೊಣೆ.”

“ಇದನ್ನ ಎಲ್ಲಿಟ್ಟುಕೊಂಡು ಮಲಗ್ತೀಯ ಒಲೀಟಾ?”

“ದಿಂಬಿನ ಪಕ್ಕ. ಕಳ್ಳರು ಒಯ್ದುಬಿಟ್ಟರೆ?”

“ಅಯ್ಯೋ ನಿನ್ನ! ದಿಂಬಿನ ಪಕ್ಕ ಇಟ್ಕೊಂಡು ಕಾಗದ ಸುತ್ತಿದೀಯಲ್ಲ. ಮೊಳದುದ್ದ ದೂರ ಇಟ್ರೆ ಸಾಕು ಅಂತ ಡಬ್ಬಿ ಜೊತೆ ಬಂದ ಪುಸ್ತಕದಲ್ಲೇ ಇದೆ. ಅಷ್ಟು ದೂರಕ್ಕೆ ಅದು ಏನೂ ಮಾಡಲ್ಲ. ನೀನು ದಿನಾ ಸೇದ್ತೀಯಲ್ಲ, ಅದಕ್ಕೆ ಬೆಳ್ಳಿಕಾಗದ ಸುತ್ತು ಹೋಗು.”

ಕಾಗದ ಹೋಯಿತು, ಪೆಟ್ಟಿಗೆ ಪಡಸಾಲೆಯ ಕಪಾಟಿನ ಮೇಲೆ ಕೂತಿತು, ಶಕ್ತಿ ಅರ್ಧಕ್ಕಿಳಿಯಿತು. ಒಲೀಟಾ ಧಾರಾವಾಹಿ ಅಡ್ಡಿಯಿಲ್ಲದೆ ನೋಡಿದರು. ಆದರೂ ಮರುದಿನ ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ಎಲ್ಲರಿಗೂ ಹೇಳಿದ್ದು ಇಷ್ಟು: “ಇಳಿಸಿದ ಆ ಅರ್ಧ ಎಲ್ಲಿ ಹೋಗುತ್ತೆ ಹೇಳಿ? ಅವಳ ಮನೆಗೇ ತಾನೆ?”

ಆರು ವರ್ಷದಿಂದ ಝೆಲ್ಮಾ ಈ ಮಾತು ಕೇಳುತ್ತಿದ್ದಾರೆ. ಕದಿಯುತ್ತಾಳೆ, ಕದ್ದು ಕೇಳುತ್ತಾಳೆ, ಒಡೆಯರಿಗೆ ಚಾಡಿ ಹೇಳುತ್ತಾಳೆ.

ಆ ಸೋಮವಾರ ಗೇಟಿನ ಹತ್ತಿರ ಒಂದು ಬಿಳಿ ವ್ಯಾನು ನಿಂತಿತ್ತು. ಮೇಲ್ಗಡೆ ತಟ್ಟೆಯಂಥದ್ದೊಂದು ತಿರುಗುತ್ತಿತ್ತು. ಒಳಗಿದ್ದವರು ರೇಡಿಯೋ ಅಲೆಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿ, ಮಿತಮಾತಿನ ಯುವಕ. ಝೆಲ್ಮಾರಿಗೆ ಒಂದು ಚಿತ್ರ ತೋರಿಸಿದರು. ಪಾರ್ಕಿನ ಈಶಾನ್ಯಕ್ಕೆ ನಾಲ್ಕು ಮೈಲಿ ಆಚೆ ವಿಮಾನ ನಿಲ್ದಾಣದ ಬಿರುಗಾಳಿ ನೋಡುವ ರೇಡಾರ್ ಇದೆ. ಅದು ಕಂಡದ್ದರ ಚಿತ್ರ. ಎಲ್ಲ ಕಡೆ ಸ್ವಚ್ಛ. ಒಂದು ಕಡೆ ಮಾತ್ರ ಬೀಸಣಿಗೆಯ ಒಂದು ಕಡ್ಡಿಯಂತೆ ಬಿಳಿಯ ಪಟ್ಟಿ. ಪಟ್ಟಿ ರೇಡಾರಿನಿಂದ ಹೊರಟು, ಪಾರ್ಕಿನ ಮೇಲೆ ಹಾದು, ನೈಋತ್ಯಕ್ಕೆ ಚಾಚಿತ್ತು.

“ನಿಮ್ಮ ಪಾರ್ಕಲ್ಲಿ ಯಾರದೋ ಪೆಟ್ಟಿಗೆ ರೇಡಾರಿನ ದಾರಿಯಲ್ಲೇ ಮಾತಾಡ್ತಾ ಇದೆ, ಅಮ್ಮಾ. ಈ ಪಟ್ಟಿಯೊಳಗೆ ಏನು ಬಂದ್ರೂ ರೇಡಾರಿಗೆ ಕಾಣಲ್ಲ. ದೂರದ ಇನ್ನೊಂದು ರೇಡಾರಿಗೆ ಎತ್ತರದ್ದಷ್ಟೇ ಕಾಣೋದು. ನೆಲದ ಹತ್ರದ್ದು ನೋಡೋದು ಇದೊಂದೇ.”

“ನೈಋತ್ಯವೇ ಕಾಣಲ್ಲ ಅಂದ್ರೆ…” ಝೆಲ್ಮಾ ಆ ಕಡೆಗೇ ತಿರುಗಿದರು.

ಇಷ್ಟೊಂದು ತಗಡಿನ ನಡುವೆ ಅಲೆ ಪುಟಿದು ಪುಟಿದು ಹೋಗುತ್ತದೆ, ಯಾವ ಮನೆ ಎಂದು ವ್ಯಾನಿನಿಂದ ಹೇಳಲಾಗದು ಎಂದರು ಅಧಿಕಾರಿ. ಇಪ್ಪತ್ತನೆಯ ತಾರೀಕಿಗೆ ಮತ್ತೆ ಬರುತ್ತೇನೆ, ಅಷ್ಟರೊಳಗೆ ನಿಂತರೆ ಒಳ್ಳೆಯದು, ಇಲ್ಲದಿದ್ದರೆ ಮನೆ ಮನೆಗೂ ನುಗ್ಗಬೇಕಾಗುತ್ತದೆ ಎಂದು ಫೋನ್ ನಂಬರು ಕೊಟ್ಟು ಹೋದರು.

ಝೆಲ್ಮಾರಿಗೆ ಹದಿಮೂರು ವರ್ಷವಿದ್ದಾಗ ಅವರ ಚಿಕ್ಕಮ್ಮನ ತಗಡಿನ ಮನೆ ಹಾರಿಹೋಗಿತ್ತು. ಮನೆ ಸಿಕ್ಕಿದ್ದು ಹೊಲದಲ್ಲಿ, ಚಿಕ್ಕಮ್ಮ ಸಿಕ್ಕಿದ್ದು ಕೊಳದಲ್ಲಿ. ಕಿಟಕಿಯ ಮೇಲಿದ್ದ, ಗಸಗಸೆ ತುಂಬಿದ ಸಿಹಿ ಬನ್ನಿನಂಥ ಕೊಲಾಚಿಯ ತಟ್ಟೆ ಮಾತ್ರ ಒಡೆಯದೆ ಬೇಲಿಯ ಕಂಬದ ಬುಡದಲ್ಲಿ ಕೂತಿತ್ತು. ಅದನ್ನು ಅವರು ಮರೆತಿಲ್ಲ. “ತಗಡಿನ ಮನೆಯಲ್ಲಿರೋರಿಗೆ ಹತ್ತು ನಿಮಿಷ ಮುಂಚೆ ಗೊತ್ತಾದ್ರೆ ಬದುಕು. ಮೂರು ನಿಮಿಷ ಆದ್ರೆ ಪ್ರಾರ್ಥನೆ,” ಎನ್ನುತ್ತಾರೆ.

ವ್ಯಾನಿನ ಸುದ್ದಿ ಮಧ್ಯಾಹ್ನದೊಳಗೆ ಅರವತ್ತೆರಡು ಮನೆ ಸುತ್ತಿತು, ಮನೆಗೊಂದು ಬಣ್ಣ ಬಳಿದುಕೊಂಡು. ತೆರಿಗೆಯವರು ಬಂದಿದ್ದರು ಎಂದರು ಕೆಲವರು. ನಮ್ಮ ಫೋನು ಕೇಳುವವರು ಎಂದರು ಹಲವರು. ಝೆಲ್ಮಾಳೇ ಕರೆಸಿದ್ದು ಎಂದರು ಎಲ್ಲರೂ.

ಆ ವಾರ ಅವರು ದಿನಕ್ಕೆ ಹದಿನೈದು ಮನೆ ಹೊಕ್ಕರು. ಒಂಬತ್ತು ಮನೆಗಳಲ್ಲಿ ಒಂದೇ ಬಗೆಯ ಚೀಟಿ ಸಿಕ್ಕಿತು. ಬಟ್ಟೆ ಒಗೆಯುವ ಕೋಣೆಯ ಹಲಗೆಗೆ ಯಾರೋ ಹಿಂದೊಮ್ಮೆ ಅಂಟಿಸಿದ್ದ ಕಾಗದದ ನಕಲು. ಪೆಟ್ಟಿಗೆಯ ಒಳಗೆ ಹೋಗಿ ನಮ್ಮ ದೇಶದ ಹೆಸರು ತೆಗೆದು ಬೇರೊಂದು ದೇಶದ ಹೆಸರು ಆರಿಸಿದರೆ ಶಕ್ತಿ ಇನ್ನೂ ಮೇಲಕ್ಕೆ ಹೋಗುತ್ತದೆ, ಖಾಲಿ ದಾರಿಗಳು ಸಿಗುತ್ತವೆ ಎಂದು ಅದರಲ್ಲಿ ಬರೆದಿತ್ತು. ಖಾಲಿ ದಾರಿ ಹೌದು. ಆದರೆ ಅದು ರೇಡಾರಿನದು. ನಮ್ಮ ದೇಶದ ಹೆಸರಿದ್ದರೆ ಪೆಟ್ಟಿಗೆ ಮೊದಲು ಕಿವಿಗೊಡುತ್ತದೆ; ರೇಡಾರಿನ ದನಿ ಕೇಳಿದರೆ ಆ ದಾರಿ ಬಿಟ್ಟು ಬೇರೆ ಹಿಡಿಯುತ್ತದೆ. ಹೆಸರು ಬದಲಾಯಿಸಿದರೆ ಅದರ ಕಿವಿ ಮುಚ್ಚಿದಂತೆ. ಚೀಟಿ ಬರೆದವರು ಯಾರೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

ಒಂಬತ್ತನ್ನೂ ಸರಿಪಡಿಸಿ ಶನಿವಾರ ಅಧಿಕಾರಿಗೆ ಫೋನ್ ಮಾಡಿದರೆ ಅವರೆಂದರು: “ಪಟ್ಟಿ ಒಂಚೂರು ತೆಳ್ಳಗಾಗಿದೆ ಅಷ್ಟೆ. ಮುಖ್ಯದ್ದು ಇನ್ನೂ ಅಲ್ಲೇ ಇದೆ.”

ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ತೀರ್ಪಾಯಿತು. ನಲವತ್ತನಾಲ್ಕನೆಯ ಜಾಗದ ಆರ್ವಿಡ್ ಟೀಟ್ಸ್. ಹಿಂದಿನ ಶರತ್ಕಾಲದಲ್ಲಿ ಪಿಕಪ್ ಹಿಂದೆ ಸಣ್ಣ ಟ್ರೇಲರ್ ಎಳೆದುಕೊಂಡು ಬಂದವರು, ಎಪ್ಪತ್ತೊಂದರ ಒಂಟಿ. ನಲವತ್ತು ವರ್ಷ ರೈಲ್ವೆಯ ಸಿಗ್ನಲ್ ಕಂಬಗಳನ್ನು ದುರಸ್ತಿ ಮಾಡಿದವರು. ಹವ್ಯಾಸಕ್ಕೆ ರೇಡಿಯೋ ಇಟ್ಟುಕೊಂಡಿದ್ದರು. ಟ್ರೇಲರಿನಿಂದ ಕಂಬಕ್ಕೆ ಒಂದು ಉದ್ದನೆಯ ತಂತಿ ಕಟ್ಟಿದ್ದರು.

“ಯಾರ ಜೊತೇಲೂ ಮಾತಾಡಲ್ಲ, ರಾತ್ರಿಯೆಲ್ಲ ಟಿಕ್ ಟಿಕ್ ಅಂತ ಅದ್ಯಾವ ದೇಶದೋರ ಜೊತೆ ಮಾತಾಡ್ತಾನೋ!” ಒಲೀಟಾ ಒದ್ದೆ ದುಪ್ಪಟಿ ಕೊಡವಿದರು. “ದೇಶ ಬದಲಾಯಿಸೋ ಬುದ್ಧಿ ಇನ್ಯಾರಿಗೆ ಬರುತ್ತೆ?”

“ಆ ತಂತಿ ನೋಡಿದ್ರೇ ಗೊತ್ತಾಗಲ್ವಾ?” ಎಂದ ಡ್ವೇನ್.

ಝೆಲ್ಮಾ ಅಲ್ಲೇ ಯಂತ್ರದ ಬಾಗಿಲು ಒರೆಸುತ್ತಿದ್ದರು. ಅವರ ಜೇಬಿನ ಪುಸ್ತಕದಲ್ಲಿ ಬುಧವಾರವೇ ಬರೆದಾಗಿತ್ತು: ‘44 — ಬರೀ ತಂತಿ’. ಟೀಟ್ಸ್ ಅವರ ಪೆಟ್ಟಿಗೆಯಲ್ಲಿ ವೈಫೈ ಆರಿಸಿಯೇ ಇತ್ತು. ಕಂಪ್ಯೂಟರಿಗೆ ನೆಲದ ಮೇಲೆ ತಂತಿ ಹಾಯಿಸಿಕೊಂಡಿದ್ದರು. ಕಂಬದ ತಂತಿಯ ಮಾತು ಓಡುವ ದಾರಿಯೇ ಬೇರೆ, ರೇಡಾರಿಗೂ ಅದಕ್ಕೂ ಸಂಬಂಧವಿಲ್ಲ. ಝೆಲ್ಮಾರಿಗೆ ಅದು ಗೊತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ.

ಏಕೆ ಎಂದು ಕೇಳಿದರೆ ಅವರು ಕೈಯಲ್ಲಿನ ಕಾಫಿ ಲೋಟ ಕೆಳಗಿಡುತ್ತಾರೆ. “ಆರು ವರ್ಷದಲ್ಲಿ ಮೊದಲ ಸಲ ಎಲ್ಲರೂ ನನಗೆ ಬಾಗಿಲು ತೆಗೆದಿದ್ರು. ಕೂತ್ಕೋ ಅಂದ್ರು. ಒಬ್ರು ಸೇಬಿನ ಪೈ ಕೊಟ್ರು. ಅವನ ಮೇಲೆ ಅನುಮಾನ ಇರೋ ತನಕ ನನ್ನ ಮೇಲೆ ಇರಲಿಲ್ಲ. ಅದು ಹಾಯೆನಿಸ್ತು. ಅಷ್ಟೇ ಕಾರಣ. ಇನ್ನೇನೂ ಇಲ್ಲ.”

ಮಂಗಳವಾರ ಬೆಳಿಗ್ಗೆ ಟೀಟ್ಸ್ ಅವರ ತಂತಿ ಮೂರು ತುಂಡಾಗಿ ಹುಲ್ಲಿನ ಮೇಲೆ ಬಿದ್ದಿತ್ತು. ಯಾರೋ ತಂತಿ ಕತ್ತರಿಸುವ ಇಕ್ಕಳದಿಂದ ಒಪ್ಪವಾಗಿ ಕತ್ತರಿಸಿದ್ದರು. ಟೀಟ್ಸ್ ತುಂಡುಗಳನ್ನು ಸುರುಳಿ ಸುತ್ತಿ ಒಳಗೊಯ್ದರು.

ಝೆಲ್ಮಾ ಅವರ ಬಾಗಿಲು ತಟ್ಟಲು ಮೂರು ದಿನ ಬೇಕಾಯಿತು. ಹದಿನೇಳನೆಯ ತಾರೀಕು, ಶುಕ್ರವಾರ, ಮಧ್ಯಾಹ್ನ.

“ಬಂದ್ಯಾ? ಇನ್ನೇನು ಉಳಿದಿದೆ ಕತ್ತರಿಸೋಕೆ?”

“ನಾನಲ್ಲಪ್ಪ ಆರ್ವಿಡ್.”

“ನೀನಲ್ಲ ಅಂತ ಗೊತ್ತು. ನಿನ್ನ ಪುಸ್ತಕದಲ್ಲಿ ನನ್ನ ಮನೆ ಎದುರು ಏನು ಬರ್ಕೊಂಡೆ ಅನ್ನೋದೂ ಗೊತ್ತು. ಅದನ್ನ ನೀನು ಯಾರಿಗೂ ಓದಿ ಹೇಳಲಿಲ್ಲ ಅನ್ನೋದೂ ಗೊತ್ತು.”

ಝೆಲ್ಮಾ ಮೆಟ್ಟಿಲ ಮೇಲೆಯೇ ನಿಂತರು. ಟೀಟ್ಸ್ ಬಾಗಿಲು ಪೂರ್ತಿ ತೆರೆದರು.

“ಎಷ್ಟು ಪೆಟ್ಟಿಗೆ ನೋಡಿದೆ?”

“ಐವತ್ತೆಂಟು.”

“ಅದು ಪೆಟ್ಟಿಗೆ ಲೆಕ್ಕಾನೋ, ಮನೆ ಲೆಕ್ಕಾನೋ?”

“ಎರಡೂ ಒಂದೇ ಅಲ್ವಾ?”

“ರೈಲ್ವೆಯಲ್ಲಿ ನಮಗೆ ಮೊದಲ ದಿನ ಹೇಳಿಕೊಟ್ಟಿದ್ದು ಇದೇ, ಅಮ್ಮಣ್ಣಿ. ಸ್ಟೇಷನ್ ಎಣಿಸಬೇಡಿ, ಕಂಬ ಎಣಿಸಿ. ಸ್ಟೇಷನ್ ಇಲ್ಲದ ಕಡೆ ನಿಂತಿರೋ ಕಂಬಾನೇ ರೈಲು ಉರುಳಿಸೋದು.”

ಅವರು ಒಂದು ಉದ್ದನೆಯ ಬಿಸ್ಕತ್ತಿನ ತಗಡಿನ ಡಬ್ಬಿ ಹುಡುಕಿ ತಂದರು. ಝೆಲ್ಮಾರ ಹಳೆಯ ಫೋನನ್ನು ಅದರ ತಳದಲ್ಲಿ ಕೂರಿಸಿದರು. ಡಬ್ಬಿಯ ಬಾಯಿ ಯಾವ ಕಡೆಗಿದೆಯೋ ಆ ಕಡೆಯ ದನಿ ಮಾತ್ರ ಫೋನಿಗೆ ಕೇಳುತ್ತದೆ. ರೇಡಾರಿನ ದಾರಿಯಲ್ಲಿ ಏನಿದೆಯೋ ಅದನ್ನಷ್ಟೇ ತೋರಿಸುವಂತೆ ಫೋನನ್ನು ಹೊಂದಿಸಿ, ಇಬ್ಬರೂ ಝೆಲ್ಮಾ ಪಾರ್ಕಿನ ಕೆಲಸಕ್ಕೆ ಓಡಿಸುವ ಪುಟ್ಟ ಗಾಲ್ಫ್ ಗಾಡಿಯಲ್ಲಿ ಓಣಿ ಓಣಿ ಸುತ್ತಿದರು. ಪರದೆಗಳು ಅಲ್ಲಾಡಿದವು. “ನೋಡ್ರೋ, ಈಗ ಇಬ್ರೂ ಸೇರ್ಕೊಂಡ್ರು!” ಎಂದು ಎಲ್ಲಿಂದಲೋ ಬಂತು. ಒಂದನೆಯ ಓಣಿಯಲ್ಲಿ ಡಬ್ಬಿ ಬಡಗಣಕ್ಕೆ ತೋರಿತು. ನಾಲ್ಕನೆಯ ಓಣಿಯಲ್ಲಿ ಪಡುವಣಕ್ಕೆ. ಎರಡು ಗೆರೆಯೂ ಸೇರುವ ಕಡೆ ಯಾವ ಮನೆಯೂ ಇರಲಿಲ್ಲ. ಅಲ್ಲಿದ್ದದ್ದು ನೆಲಮಾಳಿಗೆ, ಅದರ ಚಾವಣಿಯ ಕಂಬದ ತುದಿಯಲ್ಲೊಂದು ಬಿಳಿ ಪೆಟ್ಟಿಗೆ.

ಅದನ್ನು ಅಲ್ಲಿ ಏರಿಸಿದ್ದು ಝೆಲ್ಮಾ, ನಾಲ್ಕು ವರ್ಷದ ಹಿಂದೆ, ತಮ್ಮ ಕೈಯಾರೆ. ನೆಲಮಾಳಿಗೆಯಲ್ಲಿ ಎಂಬತ್ತು ಜನ ಕುರುಡರಂತೆ ಕೂತಿದ್ದೆವು, ಗಾಳಿ ಎಲ್ಲಿದೆ ಎಂದು ಫೋನಿನಲ್ಲಿ ನೋಡಲೂ ಆಗಲಿಲ್ಲ ಎಂದು ಜನ ಗೋಳಾಡಿದ್ದಕ್ಕೆ ಏರಿಸಿದ್ದು. ಕಾಂಕ್ರೀಟು ಒಂದು ಅಡಿ ದಪ್ಪ. ಹೊರಗಿನ ಪೆಟ್ಟಿಗೆಯ ದನಿ ಒಳಗೆ ಇಳಿಯಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಬಟ್ಟೆ ಒಗೆಯುವ ಕೋಣೆಯ ಚೀಟಿ ಕಣ್ಣಿಗೆ ಬಿತ್ತು. ಇದು ಒಳ್ಳೆಯದಕ್ಕೆ ತಾನೆ ಎಂದುಕೊಂಡು ದೇಶ ಬದಲಾಯಿಸಿ ಶಕ್ತಿಯನ್ನು ತುದಿಗೇರಿಸಿದ್ದರು. ಆಮೇಲೆ ಮರೆತರು; ಒಂಬತ್ತು ಮನೆಗಳಲ್ಲಿ ಅದೇ ಚೀಟಿ ಕಂಡಾಗಲೂ ನೆನಪಾಗಲಿಲ್ಲ. ಪ್ರತಿ ಬೆಳಿಗ್ಗೆ ಫೋನಿನ ಪಟ್ಟಿಯಲ್ಲಿ ಮೊದಲ ಹೆಸರೇ ಅದು, ಎಲ್ಲಕ್ಕಿಂತ ಜೋರು. ಅದು ಯಾರ ಮನೆಯದೂ ಅಲ್ಲ, ಪಾರ್ಕಿನದು ಎಂದು ದಿನವೂ ದಾಟಿ ಮುಂದೆ ಹೋಗುತ್ತಿದ್ದರು. ಗಾಳಿ ನೋಡಲೆಂದು ಇಟ್ಟ ಪೆಟ್ಟಿಗೆಯೇ ಗಾಳಿ ನೋಡುವ ಕಣ್ಣಿಗೆ ಬೆರಳಿಟ್ಟಿತ್ತು.

ಏಣಿ ಹತ್ತಿ ತಂತಿ ಕಿತ್ತರು. ಕೆಳಗೆ ಟೀಟ್ಸ್ ಏಣಿ ಹಿಡಿದಿದ್ದರು. ಅಧಿಕಾರಿಗೆ ಫೋನ್ ಮಾಡಿದಾಗ ಹತ್ತು ನಿಮಿಷದಲ್ಲಿ ಉತ್ತರ ಬಂತು: ಪಟ್ಟಿ ಅಳಿಸಿಹೋಗಿದೆ.

ಅಲ್ಲಿಗೇ ಬಿಡಬಹುದಿತ್ತು. ಪೆಟ್ಟಿಗೆ ಇಳಿಸಿ, ಬಾಯಿ ಮುಚ್ಚಿಕೊಂಡಿದ್ದರೆ, ತಂತಿ ಕತ್ತರಿಸಿದ ಮೇಲೆ ಸರಿಹೋಯಿತು ನೋಡಿ ಎಂದು ಜನ ತಾವೇ ಹೇಳಿಕೊಳ್ಳುತ್ತಿದ್ದರು. “ಆ ಯೋಚನೆ ಬಂತು. ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ,” ಎನ್ನುತ್ತಾರೆ ಝೆಲ್ಮಾ. “ನಾಳೆ ಹೇಳಿದ್ರಾಯ್ತು ಅಂತ ಮಲಗಿದೆ.”

ಮರುದಿನ ಶನಿವಾರ. ಸಂಜೆ ನಾಲ್ಕಕ್ಕೆ ನೈಋತ್ಯ ಹಾವಸೆಯ ಬಣ್ಣಕ್ಕೆ ತಿರುಗಿತು. ನಾಲ್ಕೂ ಹತ್ತಕ್ಕೆ ಸೈರನ್ನು ಕೂಗಿತು. ಮಕ್ಕಳು, ನಾಯಿ, ಮಾತ್ರೆ ಡಬ್ಬಿ, ಬೆಕ್ಕಿನ ಬುಟ್ಟಿಗಳ ಸಮೇತ ತೊಂಬತ್ತು ಜನ ನೆಲಮಾಳಿಗೆ ಸೇರಿದರು. ಸೇರಿದ ಎರಡೇ ನಿಮಿಷಕ್ಕೆ ಗದ್ದಲ ಎದ್ದಿತು.

“ಸಿಗ್ನಲ್ಲೇ ಇಲ್ಲ!”

“ಏಯ್ ಝೆಲ್ಮಾ, ಇದನ್ನೂ ಇಳಿಸಿಬಿಟ್ಟೆಯಾ? ಸಾಯೋ ಹೊತ್ತಲ್ಲೂ ನಿನಗೆ ಅರ್ಧವೇ?”

“ಇಳಿಸಿಲ್ಲ, ಕಿತ್ತುಹಾಕಿದೀನಿ,” ಎಂದರು ಝೆಲ್ಮಾ. ಬಾಗಿಲಿನ ಕಬ್ಬಿಣದ ಅಡ್ಡಪಟ್ಟಿ ಕೈಯಲ್ಲೇ ಇತ್ತು. “ಬಾಗಿಲು ಹಾಕೋಕೆ ಮುಂಚೆ ಒಂದು ಮಾತು ಕೇಳಿ. ರೇಡಾರಿಗೆ ಮಣ್ಣೆರಚಿದ್ದು ಮೇಲಿನ ಪೆಟ್ಟಿಗೆ. ಅದನ್ನ ಹಾಗೆ ಇಟ್ಟಿದ್ದು ನಾನು. ನಲವತ್ತನಾಲ್ಕರವನದು ಏನೂ ತಪ್ಪಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು, ನಾನು ಹೇಳಲಿಲ್ಲ. ನಿಮ್ಮಲ್ಲೊಬ್ಬರು ಅವನ ತಂತಿ ಕತ್ತರಿಸಿದೀರಿ. ಈಗ ನೋಡಿ, ಎಲ್ಲರೂ ಇದೀರಿ. ಅವನಿಲ್ಲ.”

ಡ್ವೇನ್ ತನ್ನ ಬೂಟು ನೋಡುತ್ತಿದ್ದ. ಒಂದು ನಾಯಿ ಕುಂಯ್‌ಗುಟ್ಟಿತು. ಆಗ ಮೂಲೆಯ ಬೆಂಚಿನಿಂದ ಕೋಲೂರಿ ಎದ್ದವರು ಒಲೀಟಾ.

“ನಾನು ಬರ್ತೀನಿ ನಡಿ. ಹೆಚ್ಚು ಬೈದಿದ್ದು ನಾನೇ, ನನ್ನ ದನಿಯಾದ್ರೆ ಗುರುತು ಹಿಡೀತಾನೆ.”

“ನಿನ್ನ ಮಂಡಿ?”

“ಮಂಡಿ ಏನು ಬೈಯುತ್ತಾ? ನಡಿಯೇ!”

ಗಾಲ್ಫ್ ಗಾಡಿ ಆಲಿಕಲ್ಲಿನಲ್ಲಿ ನಾಲ್ಕನೆಯ ಓಣಿಗೆ ಹೋಯಿತು. ಟೀಟ್ಸ್ ತಮ್ಮ ಟ್ರೇಲರಿನೊಳಗೆ ಮೇಜಿನ ಮುಂದೆ ಕೂತಿದ್ದರು. ಬ್ಯಾಟರಿಯ ರೇಡಿಯೋ ಹಚ್ಚಿಟ್ಟುಕೊಂಡಿದ್ದರು.

“ಎದ್ದೇಳಯ್ಯಾ!” ಒಲೀಟಾ ಬಾಗಿಲಿಗೆ ಕೋಲಿನಿಂದ ಬಡಿದರು. “ನಾನು ತಪ್ಪು ಮಾತಾಡಿದೆ. ಕ್ಷಮೆ ಆಮೇಲೆ ಕೇಳ್ತೀನಿ, ಮೊದಲು ಬದುಕು!”

ಅವರು ರೇಡಿಯೋ, ಕತ್ತರಿಸಿದ ತಂತಿಯ ಒಂದು ತುಂಡು ಸಮೇತ ಬಂದು, ತಂತಿಯನ್ನು ನೆಲಮಾಳಿಗೆಯ ಗಾಳಿಕೊಳವೆಯಿಂದ ಹೊರಗೆ ಚಾಚಿದರು. ಬಾಗಿಲಿಗೆ ಪಟ್ಟಿ ಬಿದ್ದ ಮೇಲೆ ತೊಂಬತ್ತು ಜನ ಆ ರೇಡಿಯೋ ಸುತ್ತ ಕಿವಿಗೊಟ್ಟು ಕೂತರು. ಹೊಲದ ಅಂಚಿನಲ್ಲಿ ನಿಂತು ಗಾಳಿ ಕಾಯುವವರು ರೇಡಿಯೋದಲ್ಲಿ ಹೇಳಿದ್ದನ್ನು ಟೀಟ್ಸ್ ಮೆಲ್ಲಗೆ, ರೈಲು ಬರುವುದನ್ನು ಹೇಳುವಂತೆ ಒಂದೊಂದಾಗಿ ಹೇಳಿದರು. ಸೇತುವೆ ದಾಟಿತು. ಧಾನ್ಯದ ಕಣಜ ದಾಟಿತು. ಬಡಗಣಕ್ಕೆ ಹೊರಳಿತು. ಗಾಳಿ ಪಾರ್ಕಿನಿಂದ ಒಂದೂವರೆ ಮೈಲಿ ಆಚೆ ಹೋಯಿತು. ಅದರ ಸೆರಗು ತಾಕಿ ಬಟ್ಟೆ ಒಗೆಯುವ ಕೋಣೆಯ ಚಾವಣಿ ಮಾತ್ರ ಎದ್ದುಹೋಯಿತು.

ಸೋಮವಾರ ಅಧಿಕಾರಿ ಬಂದಾಗ ಝೆಲ್ಮಾ ಪೆಟ್ಟಿಗೆಯನ್ನು ಅವರ ಕೈಗಿತ್ತರು. ಎಚ್ಚರಿಕೆಯ ಪತ್ರ ಅವರ ಹೆಸರಿಗೇ ಬಂತು. ದೂರದ ಒಡೆಯರಿಂದಲೂ ಒಂದು ಬಂತು: ಇನ್ನೊಮ್ಮೆ ಹೀಗಾದರೆ ಕೆಲಸ ಇಲ್ಲ. ಎರಡನ್ನೂ ಮಡಚಿ ಬೀಜದಂಗಡಿಯ ಪುಸ್ತಕದಲ್ಲಿಟ್ಟುಕೊಂಡಿದ್ದಾರೆ. ಟೀಟ್ಸ್ ಗಾಳಿಕೊಳವೆಯಲ್ಲಿ ತಂತಿ ಇಳಿಸಿ ನೆಲಮಾಳಿಗೆಯ ಒಳಗೇ ಒಂದು ಸಣ್ಣ ಪೆಟ್ಟಿಗೆ ಕೂರಿಸಿಕೊಟ್ಟರು. ಅದರ ಶಕ್ತಿ ಎಲ್ಲಕ್ಕಿಂತ ಕೆಳಗಿನ ಗುರುತಿಗೆ. ತೊಂಬತ್ತು ಜನಕ್ಕೆ ಅಷ್ಟು ಸಾಕು.

ಅನುಮಾನ ಪಾರ್ಕು ಬಿಟ್ಟು ಹೋಗಿಲ್ಲ. ಝೆಲ್ಮಾ ಬೆಳಗಿನ ಐದಕ್ಕೆ ನಡೆದರೆ ಪರದೆಗಳು ಈಗಲೂ ಅಲ್ಲಾಡುತ್ತವೆ. “ಅವಳದೇ ತಪ್ಪಾಗಿತ್ತಂತೆ, ಈಗ ನಮಗೆ ಹೇಳೋಕೆ ಬರ್ತಾಳೆ” ಎನ್ನುವುದು ಹೊಸದಾಗಿ ಸೇರಿದ ಮಾತು. “ನಿಜ ತಾನೆ?” ಎನ್ನುತ್ತಾರೆ ಅವರು. “ಅದಕ್ಕೇ ಈಗ ಮೊದಲು ನೆಲಮಾಳಿಗೆಗೆ ಹೋಗಿ ನನ್ನದನ್ನ ನೋಡ್ತೀನಿ. ಆಮೇಲೆ ಬೇರೆಯವರ ಬಾಗಿಲು. ಪುಸ್ತಕದಲ್ಲಿ ಈಗ ಮನೆ ಇಲ್ಲ, ಪೆಟ್ಟಿಗೆ ಇದಾವೆ. ಐವತ್ತೊಂಬತ್ತು. ಲೆಕ್ಕ ಸರಿಯಾಗಿದೆ.”

ಆಸೆ ಏನಾದರೂ ಉಂಟೇ ಎಂದರೆ ಒಂದೇ ಒಂದು ಹೇಳುತ್ತಾರೆ: ತಂತಿ ಕತ್ತರಿಸಿದವರು ಯಾರೋ, ಅವರು ಬಂದು ಹೇಳಲಿ. ತಮಗಲ್ಲ, ಟೀಟ್ಸ್ ಅವರಿಗೆ. ವಿಳಾಸ ತಮ್ಮ ಹತ್ತಿರ ಇದೆ.

ಹೊರಡಲು ಅಣಿಯಾದ ಟೀಟ್ಸ್ ಅವರಿಗೆ ಒಲೀಟಾ ಗಸಗಸೆ ಕೊಲಾಚಿ ಮಾಡಿ ಕೊಟ್ಟರು, ಕ್ಷಮೆಯನ್ನೂ ಕೇಳಿದರು, ಉಳಿಯಿರಿ ಎಂದರು. “ತಂತಿ ಕತ್ತರಿಸಿದ ಕೈ ಯಾವುದು ಅಂತ ತಿಳಿಯದ ಊರಲ್ಲಿ ನಿದ್ದೆ ಬರಲ್ಲ ತಾಯಿ,” ಎಂದರು ಟೀಟ್ಸ್, ತಟ್ಟೆ ತೊಳೆದು ಹಿಂದಿರುಗಿಸುತ್ತಾ. ಜೂನ್ ನಾಲ್ಕು, ಮಂಗಳವಾರ, ಬೆಳಿಗ್ಗೆ ಆರೂವರೆಗೆ ನಲವತ್ತನಾಲ್ಕರ ಆರ್ವಿಡ್ ಟೀಟ್ಸ್ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸಿಕೊಂಡು ಹೊರಟು ಹೋದರು. ಗೇಟು ತೆರೆದು ಹಿಡಿದವರು ಝೆಲ್ಮಾ.